ನಾಯಿ, ಬೆಕ್ಕಿನ ಕೀಮೋ: ‘ರಿಮಿಷನ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಸಾಕಿದ ನಾಯಿಗೋ ಬೆಕ್ಕಿಗೋ ಕೀಮೋ ಕೊಡಿಸುವವರಿಗಾಗಿ ಕನ್ನಡದಲ್ಲಿ ಒಂದು ಮಾಹಿತಿ ಪತ್ರ ಬರೆಯುತ್ತಿದ್ದೇನೆ. ಡಾಕ್ಟರು ಬಾಯಲ್ಲಿ ಹೇಳಿದ್ದನ್ನು ಮನೆಗೆ ಹೋಗಿ ನಿಧಾನವಾಗಿ ಓದಿಕೊಳ್ಳಲಿ ಅಂತ. ಬಹಳಷ್ಟು ಪದಗಳು ಸಲೀಸಾಗಿ ಸಿಕ್ಕಿದವು. ‘ರಿಮಿಷನ್’ ಮಾತ್ರ ಕೈಗೆ ಸಿಗುತ್ತಿಲ್ಲ.

ಸಂದರ್ಭ ಹೇಳಿಬಿಡುತ್ತೇನೆ. ನಾಯಿಗಳಿಗೆ ಕೀಮೋ ಜಾಸ್ತಿ ಬೇಕಾಗುವ ಕಾಯಿಲೆಗಳಲ್ಲಿ ಲಿಂಫೋಮಾ ಒಂದು, ಬಿಳಿ ರಕ್ತಕಣಗಳಿಂದ ಹುಟ್ಟುವ ಕ್ಯಾನ್ಸರ್ ಅದು. ದವಡೆಯ ಕೆಳಗೆ, ಭುಜದ ಮುಂದೆ, ಹಿಂಗಾಲಿನ ಮಂಡಿಯ ಹಿಂದೆ ಗಂಟುಗಳು ಊದಿಕೊಳ್ಳುತ್ತವೆ. ಸಾಮಾನ್ಯವಾಗಿ ನೋವಿರುವುದಿಲ್ಲ. ಕತ್ತಿನ ಪಟ್ಟಿ ಹಾಕುವಾಗ ಕೈಗೆ ತಾಕಿ ಮನೆಯವರಿಗೆ ಗೊತ್ತಾಗುವುದೂ ಉಂಟು. ಚಿಕಿತ್ಸೆ ಕೊಡಿಸದಿದ್ದರೆ ಸಾಮಾನ್ಯವಾಗಿ ತಿಂಗಳು, ಒಂದೂವರೆ ತಿಂಗಳಷ್ಟೇ. ವಿನ್‌ಕ್ರಿಸ್ಟಿನ್, ಸೈಕ್ಲೋಫಾಸ್ಫಮೈಡ್, ಡಾಕ್ಸೋರುಬಿಸಿನ್, ಪ್ರೆಡ್ನಿಸೋಲೋನ್ ಇವನ್ನೆಲ್ಲ ಸೇರಿಸಿದ ‘ಚಾಪ್’ ಕ್ರಮದಲ್ಲಿ ನಾಲ್ಕೈದು ತಿಂಗಳು ಔಷಧ ಕೊಟ್ಟರೆ 100ರಲ್ಲಿ 80ರಿಂದ 90 ನಾಯಿಗಳ ಗಂಟು ಕರಗುತ್ತದೆ. ಎಷ್ಟೋ ನಾಯಿಗಳಲ್ಲಿ ಮೊದಲ ವಾರದಲ್ಲೇ ಕೈಗೆ ವ್ಯತ್ಯಾಸ ಗೊತ್ತಾಗುತ್ತದೆ. ಊಟ ಸೇರುತ್ತದೆ, ಓಡಾಟ ಮೊದಲಿನಂತಾಗುತ್ತದೆ. ಆದರೆ ಹೆಚ್ಚಿನವಕ್ಕೆ ಕಾಯಿಲೆ ಮತ್ತೆ ಬರುತ್ತದೆ. ಬಿ-ಸೆಲ್ (ಬಿಳಿ ರಕ್ತಕಣಗಳಲ್ಲಿ ಒಂದು ಜಾತಿ) ಬಗೆಯದಾದರೆ ಸುಮಾರು ಅರ್ಧದಷ್ಟು ನಾಯಿಗಳಿಗೆ ಒಂದು ವರ್ಷದ ಬಾಳು ಸಿಗುತ್ತದೆ.

ಗಂಟು ಕರಗಿದ ಮೇಲೆ, ಮತ್ತೆ ಬರುವ ಮೊದಲು, ನಡುವೆ ಇರುವ ಆ ಕಾಲವೇ ‘ರಿಮಿಷನ್’. ಡಾಕ್ಟರು ಆ ಮಾತು ಹೇಳಿದರೆ ಮನೆಯವರ ಕಿವಿಗೆ ಬೀಳುವುದು ‘ವಾಸಿಯಾಯ್ತು’ ಅಂತ. ಇನ್ನೇಕೆ ಸೂಜಿ ಚುಚ್ಚಿಸಿ ಹಿಂಸೆ ಕೊಡೋದು ಅಂತ ಅರ್ಧಕ್ಕೇ ನಿಲ್ಲಿಸುವವರಿದ್ದಾರೆ. ಅವರದೇನೂ ತಪ್ಪಿಲ್ಲ, ನಾವು ಸರಿಯಾದ ಮಾತು ಕೊಟ್ಟಿಲ್ಲ.

‘ವಾಸಿ’ಯಲ್ಲೇ ಈ ತೊಡಕಿದೆ ನೋಡಿ. ‘ನಿನ್ನೆಗಿಂತ ಇವತ್ತು ಎಷ್ಟೋ ವಾಸಿ’ ಅಂದರೆ ಸುಧಾರಿಸಿದೆ ಅಂತ ಮಾತ್ರ. ‘ವಾಸಿಯಾಯ್ತು’ ಅಂದರೆ ಕಾಯಿಲೆ ಹೋಯ್ತು, ಮುಗಿಯಿತು. ‘ಗುಣ’ವೂ ಹೀಗೇ. ‘ಸ್ವಲ್ಪ ಗುಣ ಕಾಣ್ತಿದೆ’ ಬೇರೆ, ‘ಗುಣವಾಯ್ತು’ ಬೇರೆ. ಭಯದಲ್ಲಿರುವವರು ಎರಡನೆಯ ಅರ್ಥವನ್ನೇ ಹಿಡಿದುಕೊಳ್ಳುತ್ತಾರೆ, ಅಲ್ವಾ?

ಹಾಗಂತ ‘ವಾಸಿ’ಯನ್ನು ಪೂರ್ತಿ ಬಿಡುವ ಹಾಗೂ ಇಲ್ಲ. ಅದೇ ಪತ್ರದಲ್ಲಿ ಟಿ.ವಿ.ಟಿ. ಬಗ್ಗೆಯೂ ಬರೆಯಬೇಕು. ನಮ್ಮ ಬೀದಿನಾಯಿಗಳಲ್ಲಿ ಕಾಣುವ, ಕೂಡುವಾಗ ಒಂದರಿಂದ ಒಂದಕ್ಕೆ ಅಂಟುವ ಗಡ್ಡೆ ಅದು. ಜನನಾಂಗದಿಂದ ರಕ್ತ ತೊಟ್ಟಿಕ್ಕುತ್ತದೆ, ಒಮ್ಮೊಮ್ಮೆ ಮೂಗಿನಲ್ಲೂ ಬರುತ್ತದೆ. ಅಲ್ಲಿ ಅಂಟುವುದು ಬ್ಯಾಕ್ಟೀರಿಯಾವೂ ಅಲ್ಲ, ವೈರಸ್ಸೂ ಅಲ್ಲ. ಜೀವಂತ ಕ್ಯಾನ್ಸರ್ ಕೋಶಗಳೇ ಹೋಗಿ ಇನ್ನೊಂದು ನಾಯಿಯಲ್ಲಿ ಬೇರೂರುತ್ತವೆ. ಇದಕ್ಕೆ ಸಾಮಾನ್ಯವಾಗಿ ವಿನ್‌ಕ್ರಿಸ್ಟಿನ್ ಒಂದೇ ಸಾಕು. ವಾರಕ್ಕೊಂದು ಇಂಜೆಕ್ಷನ್, ಹೆಚ್ಚಾಗಿ ಮೂರರಿಂದ ಆರು ವಾರ. 100ರಲ್ಲಿ 90ಕ್ಕೂ ಹೆಚ್ಚು ನಾಯಿಗಳಿಗೆ ನಿಜವಾಗಿಯೂ ವಾಸಿಯಾಗುತ್ತದೆ. (ಈ ಔಷಧ ಸಿಕ್ಕಿದ್ದು ನಮ್ಮ ಅಂಗಳದಲ್ಲೂ ಬೆಳೆಯುವ ನಿತ್ಯಪುಷ್ಪದಿಂದ. ಕಾಶಿ ಕಣಗಿಲೆ ಅಂತಲೂ ಅನ್ನುತ್ತಾರೆ.) ಒಂದೇ ಔಷಧಕ್ಕೆ ಒಂದು ಕಾಯಿಲೆ ಪೂರ್ತಿ ಹೋಗುತ್ತದೆ, ಇನ್ನೊಂದು ಸ್ವಲ್ಪ ಕಾಲ ಸುಮ್ಮನಾಗುತ್ತದೆ. ಎರಡಕ್ಕೂ ಒಂದೇ ಮಾತು ಬಳಸಿದರೆ ಓದುವವರಿಗೆ ಮೋಸ ಮಾಡಿದ ಹಾಗೆ.

ನಾನು ಯೋಚಿಸಿದ ಪದಗಳು ಇವು. ನಿಘಂಟಿನ ದಾರಿ ಹಿಡಿದರೆ ‘ಉಪಶಮನ’ ಸಿಗುತ್ತದೆ. ಆದರೆ ಅದು ನೋವು ತಗ್ಗಿಸುವ ಆರೈಕೆಗೆ ಈಗಾಗಲೇ ಬಳಕೆಯಲ್ಲಿದೆ. ‘ಗಂಟು ಇಳಿದಿದೆ’ ಅನ್ನೋಣವೆಂದರೆ ಬೆಕ್ಕಿಗೆ ಒಗ್ಗುವುದಿಲ್ಲ. ಬೆಕ್ಕುಗಳಲ್ಲಿ ಲಿಂಫೋಮಾ ಎಷ್ಟೋ ಸಲ ಕರುಳಿನಲ್ಲಿರುತ್ತದೆ, ಕೈಗೆ ಗಂಟೇ ಸಿಗದಿರಬಹುದು. ವಾಂತಿ ನಿಂತಿತೇ, ತೂಕ ಏರಿತೇ ಅಂತ ನೋಡಿ ತಿಳಿಯಬೇಕು. ‘ಹತೋಟಿಯಲ್ಲಿದೆ’ ಅನ್ನುವುದು ಒಳ್ಳೆಯ ಮಾತೇ. ಆದರೆ ಶುಗರ್, ಬಿ.ಪಿ.ಗೆ ಬಳಸಿ ಬಳಸಿ, ಔಷಧ ನಡೆಯುತ್ತಿರುವಷ್ಟು ದಿನ ಮಾತ್ರ ಅನ್ನುವ ಅರ್ಥ ಅದಕ್ಕೆ ಹತ್ತಿಕೊಂಡಿದೆ. ನಾಯಿಯ ಲಿಂಫೋಮಾದಲ್ಲಿ ಔಷಧ ಮುಗಿದ ಮೇಲೂ ಕೆಲವು ತಿಂಗಳು ಈ ಸ್ಥಿತಿ ಉಳಿಯಬಹುದು.

ಸದ್ಯಕ್ಕೆ ನನ್ನ ಮನಸ್ಸು ‘ಬಿಡುವು’ ಕಡೆಗೆ ವಾಲಿದೆ. ‘ಮಳೆ ಬಿಡುವು ಕೊಟ್ಟಿದೆ’ ಅಂತ ನಾವೇ ಹೇಳುತ್ತೇವೆ, ಪೇಪರಿನವರೂ ಬರೆಯುತ್ತಾರೆ. ಹಾಗಂದಾಗ ಮಳೆಗಾಲ ಮುಗಿಯಿತು ಅಂತ ಯಾರೂ ತಿಳಿಯುವುದಿಲ್ಲ. ‘ಕಾಯಿಲೆ ಬಿಡುವು ಕೊಟ್ಟಿದೆ’ ಅಂದರೂ ಅಷ್ಟೇ ಅರ್ಥವಾದೀತು. ಪೂರ್ತಿ ಕರಗಿದ್ದರೆ ‘ಪೂರ್ಣ ಬಿಡುವು’, ಗಂಟು ಚಿಕ್ಕದಾಗಿ ಉಳಿದಿದ್ದರೆ ‘ಅರೆ ಬಿಡುವು’. ಕಾಯಿಲೆ ತಿರುಗಿ ಬಂದರೆ ‘ಮರುಕಳಿಸಿತು’ ಇದ್ದೇ ಇದೆ, ಅದಕ್ಕೆ ಹೊಸ ಪದ ಬೇಡ. ಪತ್ರದಲ್ಲಿ ಹೀಗೆ ಬರೆದಿದ್ದೇನೆ:

“ನಿಮ್ಮ ನಾಯಿಯ ಕಾಯಿಲೆ ಈಗ ಬಿಡುವು ಕೊಟ್ಟಿದೆ. ಪೂರ್ತಿ ಹೋಗಿಲ್ಲ. ಇಂಜೆಕ್ಷನ್ ನಿಲ್ಲಿಸಬೇಡಿ. ದವಡೆಯ ಕೆಳಗೆ, ಮಂಡಿಯ ಹಿಂದೆ ವಾರಕ್ಕೊಮ್ಮೆ ಮುಟ್ಟಿ ನೋಡಿ.”

ಈ ಸಾಲು ನಿಮಗೆ ಸಹಜವಾಗಿ ಕೇಳಿಸುತ್ತದೆಯೇ? ‘ಬಿಡುವು’ ಅಂದ ಕೂಡಲೇ ‘ನನಗೆ ಬಿಡುವಿಲ್ಲ’ ಅನ್ನುವ ಅರ್ಥ ಅಡ್ಡ ಬರುತ್ತದೆಯೇ? ಮಲೆನಾಡಿನವರು ಮಳೆ ನಿಂತಾಗ ಹೇಳುವ ‘ಹೊಳವು’ ಕೂಡ ನೆನಪಾಯಿತು, ಆದರೆ ಬಯಲುಸೀಮೆಯವರಿಗೆ ಅದು ಮುಟ್ಟಲಿಕ್ಕಿಲ್ಲ.

‘ಕೀಮೋ’ವನ್ನು ಹಾಗೇ ಬಿಟ್ಟಿದ್ದೇನೆ. ‘ರಾಸಾಯನಿಕ ಚಿಕಿತ್ಸೆ’ ಅಂದರೆ ರಾಸಾಯನಿಕ ಗೊಬ್ಬರ, ಕೀಟನಾಶಕ ಕಣ್ಣ ಮುಂದೆ ಬರುತ್ತದೆ. ಕೀಮೋ ಅಂದರೂ ಜನ ತಲೆ ಬೋಳಾಗುವುದನ್ನೇ ನೆನೆದು ಹೆದರುತ್ತಾರೆ, ನಿಜ. ಆದರೆ ಹೆಚ್ಚಿನ ನಾಯಿಗಳಿಗೆ ಕೂದಲು ಅಷ್ಟಾಗಿ ಉದುರುವುದಿಲ್ಲ. ಪೂಡಲ್‌ನಂತೆ ಕೂದಲು ಬೆಳೆಯುತ್ತಲೇ ಇರುವ ತಳಿಗಳಿಗೆ ಉದುರುತ್ತದೆ, ಬೆಕ್ಕುಗಳಿಗೆ ಮೀಸೆ ಹೋಗಬಹುದು. ಇದನ್ನು ವಿವರಿಸಿ ಬರೆದರೆ ಸಾಕು, ಪದ ಬದಲಿಸಬೇಕಿಲ್ಲ ಅನ್ನುವುದು ನನ್ನ ಅನಿಸಿಕೆ.

ಉತ್ತರ ಕರ್ನಾಟಕ, ಕರಾವಳಿ ಕಡೆಯವರು ದಯವಿಟ್ಟು ಬರೆಯಿರಿ. ದನಕರುವಿಗೆ ಕಾಯಿಲೆ ಬಂದು, ಸ್ವಲ್ಪ ಕಾಲ ಬಿಟ್ಟು, ಮತ್ತೆ ಬಂದರೆ ನಡುವಿನ ಆ ಚೆನ್ನಾಗಿದ್ದ ಕಾಲಕ್ಕೆ ನಿಮ್ಮೂರಲ್ಲಿ ಏನಾದರೂ ಮಾತಿದೆಯೇ? ಹಳಬರನ್ನು ಕೇಳಿ ತಿಳಿಸಿದರೂ ತುಂಬ ಉಪಕಾರ.