ಸ್ವಂತ ಭಾಷೆ ಕಟ್ಟುವ ಹವ್ಯಾಸ: ಲಿಪಿ ಮೊದಲೋ, ವ್ಯಾಕರಣ ಮೊದಲೋ?

ಕೊಪ್ಪಳದ ವಿದ್ಯಾರ್ಥಿ: ಬರೆಯುತ್ತಿರುವ ಕಾದಂಬರಿಗೆ ಹೊಸ ಭಾಷೆಯೊಂದನ್ನು ಕಟ್ಟಬೇಕೆಂದಿದ್ದೇನೆ. ದಿನಕ್ಕೆ ಅರ್ಧ ಗಂಟೆ ಬಿಡುವು, ಕೈಯಲ್ಲಿ ಕಾಸಿಲ್ಲ. ಎಲ್ಲಿಂದ ಶುರು ಮಾಡಲಿ? ಮಾಡಿ ನೋಡಿದವರು ಅನುಭವ ತಿಳಿಸಿ.

ರಾಯಚೂರು ಲಿಪಿಕಾರ: ಲಿಪಿಯಿಂದಲೇ. ಅಕ್ಷರ ಕಣ್ಣಿಗೆ ಕಾಣದಿದ್ದರೆ ಭಾಷೆ ಇದೆ ಎಂದು ಯಾರೂ ನಂಬುವುದಿಲ್ಲ. ಫಾಂಟ್ ಮಾಡಿಸಲು ಒಬ್ಬನಿಗೆ 4,500 ರೂಪಾಯಿ ಮುಂಗಡ ಕೊಟ್ಟೆ. ಮೂಲಾಕ್ಷರಗಳು ಚೆನ್ನಾಗಿಯೇ ಬಂದವು. ಒತ್ತಕ್ಷರ ಮಾತ್ರ ಕೆಳಗಿನ ಸಾಲಿನ ತಲೆಯ ಮೇಲೆ ಹೋಗಿ ಕೂರುತ್ತಿತ್ತು. ಸರಿಪಡಿಸಲು ಇನ್ನೂ 2,000 ಕೇಳಿದ. ಕೊಟ್ಟೆ. ಆಮೇಲೆ ಫೋನ್ ಎತ್ತಲಿಲ್ಲ. ಕೊನೆಗೆ ಫಾಂಟ್‌ಫೋರ್ಜ್ ತಂತ್ರಾಂಶ ಇಳಿಸಿಕೊಂಡು ನಾನೇ ತಿದ್ದಿದೆ. ಅದು ಉಚಿತವೆಂದು ಯಾವ ಪುಣ್ಯಾತ್ಮನೂ ಮೊದಲು ಹೇಳಿರಲಿಲ್ಲ! ನನ್ನ ಲಗ್ನಪತ್ರಿಕೆಯ ಅಂಚಿಗೂ ಅದೇ ಲಿಪಿ ಹಾಕಿಸಿದೆ. ಮಾವನವರು ಯಾವುದೋ ಯಂತ್ರವೆಂದುಕೊಂಡು ಇವತ್ತಿಗೂ ದೇವರ ಜಗುಲಿಯಲ್ಲಿ ಇಟ್ಟಿದ್ದಾರೆ.

ಬಳ್ಳಾರಿ ಕೌಲ್ ಬಜಾರ್: ಲಿಪಿ ಎಂದರೆ ಜರಿಯಂಚು, ಸರ್. ಸೀರೆ ಎಲ್ಲಿ? ನಮ್ಮ ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ತೆಲುಗಿನಲ್ಲಿ ಕೇಳುವವನನ್ನೂ ಸೇರಿಸಿಕೊಂಡರೆ ‘ಮನಮು’, ಬಿಟ್ಟರೆ ‘ಮೇಮು’. ಕನ್ನಡದಲ್ಲಿ ಎರಡಕ್ಕೂ ‘ನಾವು’. ನನ್ನ ಭಾಷೆ ಹುಟ್ಟಿದ್ದೇ ಅಲ್ಲಿ. ಅದರಲ್ಲಿ ಸತ್ತವರನ್ನೂ ಸೇರಿಸಿಕೊಳ್ಳುವ ‘ನಾವು’ ಇದೆ. ಕ್ರಿಯಾಪದಕ್ಕೆ ಹಳೆಯ ‘ಮಾಡೆನು’ ರೂಪದ ಗುಣ ತಂದೆ: ನಿಷೇಧ ಬಂದ ಕೂಡಲೇ ಕಾಲ ಮಾಯ, ‘ಮಾಡಲಿಲ್ಲ’, ‘ಮಾಡುವುದಿಲ್ಲ’ ಎರಡಕ್ಕೂ ಅದೊಂದೇ ರೂಪ. ಪದಕೋಶವಿದ್ದ 200 ಪುಟದ ನೋಟ್‌ಬುಕ್ಕನ್ನು ನಾದಿನಿ ರದ್ದಿಗೆ ಹಾಕಿದರು. ಕಿಲೋಗೆ 12 ರೂಪಾಯಿಯಂತೆ! ರದ್ದಿ ಅಂಗಡಿಗಳನ್ನೆಲ್ಲ ಜಾಲಾಡಿದೆ. ರಟ್ಟು ಮಾತ್ರ ಸಿಕ್ಕಿತು.

ಸಿಂಧನೂರು ಎಸ್ಪೆರಾಂಟೊ: ಯಾರೂ ಆಡದ ಭಾಷೆಗೆ ಇಷ್ಟು ದುಡ್ಡೇ? ಜಾಮೆನ್‌ಹಾಫ್ ಎಂಬ ವೈದ್ಯರು ಬೇರೆ ಬೇರೆ ದೇಶದವರು ಮಾತಾಡಿಕೊಳ್ಳಲೆಂದು ತಾವೇ ಕಟ್ಟಿದ ಎಸ್ಪೆರಾಂಟೊ ಭಾಷೆಯನ್ನು 1887ರಲ್ಲಿ ಪ್ರಕಟಿಸಿದಾಗ 16 ನಿಯಮಗಳಲ್ಲಿ ವ್ಯಾಕರಣ ಮುಗಿಸಿದರು. ನಾಮಪದಗಳೆಲ್ಲ ‘ಒ’ಕಾರಾಂತ. ಹಂಗೇರಿಯ ಪತ್ರಮಿತ್ರರಿಗೆ ಹಚ್ಚಿದ ಅಂಚೆಚೀಟಿಗಳ ಲೆಕ್ಕ ಪೈಸೆ ಸಮೇತ ನನ್ನ ಡೈರಿಯಲ್ಲಿದೆ. ಉತ್ತರ ಬರುವುದು ನಿಂತಿತು, ನಾನು ಭಾಷೆ ಬಿಡಲಿಲ್ಲ. ಮೊದಲು ಅದನ್ನು ಕಲಿಯಿರಿ, ಆಟ ಆಮೇಲೆ.

ಬಳ್ಳಾರಿ ಕೌಲ್ ಬಜಾರ್: ಹಿರಿಯರೇ, ಅದರ ಧಾತುಗಳಲ್ಲಿ ಬಹುಪಾಲು ಯುರೋಪಿನವು. ಯಾರಿಗೆ ಸುಲಭ? ಕರ್ಮಪದಕ್ಕೆ ‘ನ್’ ಬೇರೆ ಹಚ್ಚಬೇಕು.

ಸಿಂಧನೂರು ಎಸ್ಪೆರಾಂಟೊ: ಕನ್ನಡದಲ್ಲಿ ‘ಅನ್ನು’ ಹಚ್ಚುವಾಗ ಕಷ್ಟವಾಗಲಿಲ್ಲವೇನಮ್ಮಾ?

ರಾಯಚೂರು ಲಿಪಿಕಾರ: ಜರಿಯಂಚು ಎಂದಿರಲ್ಲ ಮೇಡಂ, ಲಿಪಿ ಇಲ್ಲದಿದ್ದರೆ ನಮ್ಮ ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನ ಉಳಿಯುತ್ತಿತ್ತೇ?

ಬಳ್ಳಾರಿ ಕೌಲ್ ಬಜಾರ್: ಅದರ ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಕನ್ನಡದ ಅಕ್ಷರಗಳ ಮೂಲವೂ ಬ್ರಾಹ್ಮಿಯೇ. ಲಿಪಿ ಬೇರೆ, ಭಾಷೆ ಬೇರೆ ಎನ್ನಲು ನಿಮ್ಮ ಜಿಲ್ಲೆಯ ಬಂಡೆಯೇ ಸಾಕ್ಷಿ.

ರಾಯಚೂರು ಲಿಪಿಕಾರ: ಇರಲಿ. ಶಾಸನಗಳ ‘ದೇವಾನಾಂಪ್ರಿಯ’ ಅಶೋಕನೇ ಎಂದು ಖಚಿತವಾದದ್ದು 1915ರಲ್ಲಿ ಮಸ್ಕಿಯ ಬಂಡೆ ಸಿಕ್ಕಾಗ. ಈ ಭಾಗದಲ್ಲಿ ಅಶೋಕನ ಹೆಸರು ಇರುವುದು ನಮ್ಮಲ್ಲಿ ಮಾತ್ರ.

ಕೊಪ್ಪಳದ ವಿದ್ಯಾರ್ಥಿ: ನಮ್ಮ ಗವಿಮಠ, ಪಾಲ್ಕಿಗುಂಡುಗಳಲ್ಲೂ ಅಶೋಕನ ಶಾಸನಗಳಿವೆ, ಸರ್.

ಬಳ್ಳಾರಿ ಕೌಲ್ ಬಜಾರ್: ತಮ್ಮಾ, ಮಾತು ನಡೆಯುತ್ತಿರುವುದು ಹೆಸರಿನ ಬಗ್ಗೆ. ನಮ್ಮ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರಿನಲ್ಲೂ ಇದೆ, ಉಡೇಗೊಳಂನಲ್ಲೂ ಇದೆ. ‘ನಮ್ಮಲ್ಲಿ ಮಾತ್ರ’ ಎನ್ನುವವರು ಒಮ್ಮೆ ತುಂಗಭದ್ರೆ ದಾಟಿ ಬಂದು ನೋಡಲಿ.