ಪದಚರ್ಚೆ: ‘ಗೇಜ್ ಪ್ರೆಷರ್’, ‘ಆಬ್ಸಲ್ಯೂಟ್ ಪ್ರೆಷರ್’ – ತುರ್ತಾಗಿ ಕನ್ನಡ ಬೇಕು

ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮನೆ ಗೋಡೆಗೆ ಒತ್ತಡದ ಮಾನಗಳ ಪರಿವರ್ತನಾ ಫಲಕ ಬರೆಸಬೇಕು. ಪೇಂಟರ್ ನಾಳೆ ಬೆಳಿಗ್ಗೆಯೇ ಬರುತ್ತಾನೆ. ಅಂಕಿಗಳು ಸಿದ್ಧ: ಚದರ ಸೆಂಟಿಮೀಟರಿಗೆ 1 ಕೆಜಿ = 0.981 ಬಾರ್ = 98.07 ಕಿಲೋಪಾಸ್ಕಲ್ = 14.22 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಸಿಕ್ಕಿಕೊಂಡಿರುವುದು ಮೇಲಿನ ಎರಡು ಪದ. ಎರಡನೆಯದನ್ನು ‘ನಿರಪೇಕ್ಷ ಒತ್ತಡ’ ಎಂದು ಬರೆದರೆ ಪಾಳಿಯವರು ‘ಯಾರ ಅಪೇಕ್ಷೆ?’ ಅನ್ನುತ್ತಾರೆ.
– ಮಂಡ್ಯ

ಗೇಜಿನ ಮುಳ್ಳು ತೋರಿಸುವುದು ಮುಳ್ಳೊತ್ತಡ. ಹೊರಗಿನ ಗಾಳಿಯದ್ದೂ ಸೇರಿದರೆ ಇಡಿಯೊತ್ತಡ. ಮುಗಿಯಿತು. ‘ಪರಿವರ್ತನಾ ಫಲಕ’ ಯಾಕೆ, ‘ಮಾರ್ಪಡಿಕೆಯ ಹಲಗೆ’ ಸಾಲದೆ? ‘ಬಾರ್’ ಮಾತ್ರ ಹಾಗೇ ಇರಲಿ, ಅದು ನಮ್ಮ ‘ಭಾರ’ವೇ.
– ಸರಸ್ವತಿಪುರಂ

ಅಲ್ಲ. ಬಾರ್ ಗ್ರೀಕಿನ ‘ಬಾರೋಸ್’ನಿಂದ ಬಂದದ್ದು, ತೂಕ ಎಂದರ್ಥ. ಅದರ ದಾಯಾದಿ ಸಂಸ್ಕೃತದ ‘ಗುರು’. ‘ಭಾರ’ದ ನಂಟು ಗ್ರೀಕಿನ ‘ಫೆರೋ’ ಜೊತೆ, ಹೊರು ಎಂಬರ್ಥದ್ದು. ಉಚ್ಚಾರ ಹೋಲಿದ ಮಾತ್ರಕ್ಕೆ ಸಂಬಂಧ ಬೆಳೆಸಬೇಡಿ. ಅಂದಹಾಗೆ ‘ಭಾರ’ ಯಾವಾಗ ಅಚ್ಚಗನ್ನಡ ಆಯಿತು ಸ್ವಾಮಿ? ಡಿಜಿಟಲ್ ಗೇಜಿಗೆ ಮುಳ್ಳೂ ಇರುವುದಿಲ್ಲ.
– ಕುವೆಂಪುನಗರ

ಪದಕ್ಕಿಂತ ಮೊದಲು ಫಲಕವೇ ತಪ್ಪಾಗುವುದನ್ನು ನೋಡಿ. ಗುಣಿಸುವ ಅಂಕಿ ಎರಡಕ್ಕೂ ಒಂದೇ, ಸೊನ್ನೆ ಬೇರೆ. ಗೇಜಿನ ಸೊನ್ನೆ ಹೊರಗಿನ ಗಾಳಿ, ಸ್ಟೀಮ್ ಟೇಬಲ್ಲಿನ (ಯಾವ ಒತ್ತಡದಲ್ಲಿ ಹಬೆ ಎಷ್ಟು ಬಿಸಿ ಎಂಬ ಪಟ್ಟಿ) ಸೊನ್ನೆ ನಿರ್ವಾತ.

ಎಗ್ಸಾಸ್ಟ್ ಸ್ಟೀಮು (ಟರ್ಬೈನು ತಿರುಗಿಸಿ ಹೊರಬಂದ ಹಬೆ) ಗೇಜಿನಲ್ಲಿ ಒಂದೂವರೆ ಕೆಜಿ ಇದೆ ಎನ್ನಿ. 0.981ರಿಂದ ಗುಣಿಸಿದರೆ 1.47 ಬಾರ್. ಅದನ್ನೇ ಟೇಬಲ್ಲಿನಲ್ಲಿ ಹುಡುಕಿದರೆ ಸುಮಾರು 111 ಡಿಗ್ರಿ ಸಿಗುತ್ತದೆ, ಸುಳ್ಳು. ಮಂಡ್ಯದ ಎತ್ತರದಲ್ಲಿ ಗಾಳಿಯದ್ದು ಸುಮಾರು 0.93 ಬಾರ್. ಕೂಡಿಸಿದರೆ 2.40, ಅಂದರೆ 126 ಡಿಗ್ರಿ. 45 ಕೆಜಿ ಬಾಯ್ಲರಿನಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ, ಕೆಳಗಿನ ಒತ್ತಡದಲ್ಲೇ ಕಾಲು ಜಾರುವುದು.

ಸಕ್ಕರೆ ಪಾಕ ಕುದಿಸುವ ಪ್ಯಾನಿನ ವ್ಯಾಕ್ಯೂಮಿನಲ್ಲಿ ಇನ್ನೂ ಮೋಸ. ಗೇಜು ಹೊರಗಾಳಿಗಿಂತ 600 ಮಿಲಿಮೀಟರ್ ಪಾದರಸ ಕಡಿಮೆ ತೋರಿದರೆ ಎಲ್ಲರೂ 760ರಿಂದ ಕಳೆದು 160 ಎನ್ನುತ್ತಾರೆ. 760 ಸಮುದ್ರಮಟ್ಟದ ಲೆಕ್ಕ. ಇಲ್ಲಿ ಹೆಚ್ಚುಕಡಿಮೆ 700, ಆದ್ದರಿಂದ ಉಳಿಯುವುದು 100. ಬರೀ ನೀರು ಕುದಿಯುವ ಬಿಸಿಯಲ್ಲೇ ಹತ್ತು ಡಿಗ್ರಿ ಫರಕು. ಪಂಪು ಎಷ್ಟೇ ಎಳೆದರೂ ಇಲ್ಲಿ ಮುಳ್ಳು 760ಕ್ಕೆ ಹೋಗದು. ಹೋದರೆ ಗೇಜು ಕೆಟ್ಟಿದೆ.

‘ಕೆಜಿ’ ಪಕ್ಕ ‘ಬಲ’ ಸೇರಿಸಿ, ಅದು ದ್ರವ್ಯರಾಶಿಯಲ್ಲ. ಕೆಜಿ, ಬಾರ್ ಎರಡೂ ಒಂದೇ ಎಂದು ಬಿಡುವವರಿಗೆ 45 ಕೆಜಿ = 44.1 ಬಾರ್ ಎಂದು ದಪ್ಪಗೆ ಬರೆಸಿ.
– ಮಂಡ್ಯ, ಇನ್ನೊಬ್ಬ

ಹಾಗಾದರೆ ‘ಒಟ್ಟು ಒತ್ತಡ’ ಎನ್ನಬಹುದೇ ಸಾರ್?
– ಮಂಡ್ಯ

ಬೇಡ. ಅದು ಟೋಟಲ್ ಪ್ರೆಷರ್, ಹರಿವಿನ ವೇಗದಿಂದ ಬರುವುದನ್ನೂ ಸೇರಿಸಿದ್ದು. ಬೇರೆ ಬಾಬತ್ತು.
– ಮಂಡ್ಯ, ಇನ್ನೊಬ್ಬ

ಬಾಬತ್ತು ಅರಬ್ಬಿ, ಟೋಟಲ್ ಇಂಗ್ಲಿಷು. ಎಲ್ಲದಕ್ಕೂ ಬಾಗಿಲು ತೆರೆದು, ‘ಇಡಿ’ಗೆ ಮಾತ್ರ ಚಿಲಕ!
– ಸರಸ್ವತಿಪುರಂ

1971ರಿಂದ ಪಾಸ್ಕಲ್ ಅಂತರರಾಷ್ಟ್ರೀಯ ಮಾನದ ಹೆಸರು. ಮನುಷ್ಯನ ಹೆಸರದು, ಅದಕ್ಕೂ ಅಚ್ಚಗನ್ನಡ ಹುಡುಕುತ್ತೀರಾ? ‘ಗೇಜು’ ಉಕಾರ ಹಚ್ಚಿಕೊಂಡು ಗೇಜಿಗೆ, ಗೇಜಿನಲ್ಲಿ ಎಂದು ವಿಭಕ್ತಿ ಹಿಡಿದ ಮೇಲೆ ಕನ್ನಡದ್ದೇ. ಪತ್ರಿಕೆಗಳ ‘ವಾಯುಭಾರ ಕುಸಿತ’ದ ಮೇಲೆ ಮೊದಲು ಜಗಳ ತೆಗೆಯಿರಿ, ಕುಸಿಯುವುದು ಒತ್ತಡ.
– ಕುವೆಂಪುನಗರ

ಪೇಂಟರಿಗೆ ಕೊಟ್ಟದ್ದು: ‘ಗೇಜು ಒತ್ತಡ + ಹೊರಗಾಳಿಯ ಒತ್ತಡ (ಇಲ್ಲಿ 0.95 ಕೆಜಿ-ಬಲ) = ಇಡೀ ಒತ್ತಡ. ಸ್ಟೀಮ್ ಟೇಬಲ್ಲಿಗೆ ಇಡೀ ಒತ್ತಡವನ್ನೇ ಹಿಡಿಯಿರಿ.’ ವ್ಯಾಕ್ಯೂಮಿಗೆ ಬೇರೆ ಸಾಲು, 700ರಿಂದ ಕಳೆಯುವುದು.
– ಮಂಡ್ಯ

‘ಇಡೀ’ ದೀರ್ಘ ಯಾಕೆ? ಸಮಾಸ ಮಾಡಿ: ಇಡಿಯೊತ್ತಡ.
– ಸರಸ್ವತಿಪುರಂ

ಬಣ್ಣ ಒಣಗಿದೆ ಸಾರ್.
– ಮಂಡ್ಯ