ಗಜಕರ್ಣಕ್ಕೂ ಸ್ಕಿನ್ ಡಾಕ್ಟರ್ ಬೇಕಾ? ಯಾವ ತೊಂದರೆಗೆ ಹೋಗಲೇಬೇಕು? ಅನುಭವ ಇದ್ದವರು ಹೇಳಿ

ಪ್ರಶ್ನೆ, ದಾವಣಗೆರೆಯಿಂದ

ನಮ್ಮ ಯಜಮಾನರಿಗೆ ಸೊಂಟದ ಸುತ್ತ, ತೊಡೆ ಸಂದಿಯಲ್ಲಿ ದುಂಡಗೆ ಕೆಂಪು ಕಲೆಗಳಾಗಿವೆ. ವಿಪರೀತ ನವೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಟ್ಯೂಬ್ ಹಚ್ಚಿದರೆ ಎರಡೇ ದಿನಕ್ಕೆ ಕಮ್ಮಿ ಆಗುತ್ತದೆ. ಬಿಟ್ಟರೆ ಮೊದಲಿಗಿಂತ ಜಾಸ್ತಿ. ಈಗ ಮಗಳ ಕುತ್ತಿಗೆಯ ಮೇಲೂ ಒಂದು ಕಾಣಿಸಿದೆ. ಸ್ಕಿನ್ ಡಾಕ್ಟರಿಗೆ ತೋರಿಸೋಣ ಅಂದರೆ, ಅವರೆಲ್ಲ ಮುಖ, ಕೂದಲು ನೋಡುವವರು, ಇದಕ್ಯಾಕೆ ಅನ್ನುತ್ತಾರೆ. ಅವರು ನಿಜಕ್ಕೂ ಏನೇನು ನೋಡುತ್ತಾರೆ? ಯಾವಾಗ ಹೋಗಬೇಕು? ದಯವಿಟ್ಟು ತಿಳಿಸಿ.

ಉತ್ತರ, ತುಮಕೂರಿನಿಂದ

ಅಕ್ಕ, ಆ ಟ್ಯೂಬ್ ಹಚ್ಚುವುದನ್ನು ಇವತ್ತೇ ನಿಲ್ಲಿಸಿ. ಆದರೆ ಬಿಸಾಕಬೇಡಿ, ಡಾಕ್ಟರಿಗೆ ತೋರಿಸೋಕೆ ಬೇಕು.

ನಮ್ಮ ಅಣ್ಣನಿಗೂ ಇದೇ ಆಗಿತ್ತು. ಅವನು ಲಾರಿ ಓಡಿಸುತ್ತಾನೆ. ದಿನವಿಡೀ ಬಿಸಿ ಸೀಟಿನ ಮೇಲೆ ಬೆವರುತ್ತಾ ಕೂರುವ ಕೆಲಸ. ಸೊಂಟದಲ್ಲಿ ರೂಪಾಯಿ ನಾಣ್ಯದಷ್ಟಿದ್ದ ಕಲೆ ಹೊಟ್ಟೆಯವರೆಗೂ ಹಬ್ಬಿತು. ಹೋದ ಊರಿನಲ್ಲೆಲ್ಲ ಒಂದೊಂದು ಟ್ಯೂಬ್ ತಗೊಂಡು ಹಚ್ಚುತ್ತಿದ್ದ. ಕೊನೆಗೆ ನಾನೇ ಸ್ಕಿನ್ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಅವರು ಟ್ಯೂಬಿನ ಮೇಲಿದ್ದ ಸಣ್ಣ ಅಕ್ಷರಗಳನ್ನು ಒಂದೊಂದಾಗಿ ಓದಿ ಹೇಳಿದರು. ಫಂಗಸ್ ಸಾಯಿಸೋಕೆ ಒಂದು ಔಷಧಿ, ಬ್ಯಾಕ್ಟೀರಿಯಾಗೆ ಇನ್ನೊಂದು, ಅದರ ಜೊತೆಗೆ ಕ್ಲೋಬೆಟಾಸಾಲ್ ಅನ್ನುವ ತುಂಬಾ ಜೋರಾದ ಸ್ಟೀರಾಯ್ಡ್. ಎರಡು ದಿನಕ್ಕೆ ನವೆ ನಿಲ್ಲಿಸುವುದು ಈ ಸ್ಟೀರಾಯ್ಡೇ.

ಅವರು ಹೇಳಿದ್ದು ನನಗೆ ಇವತ್ತಿಗೂ ಸರಿಯಾಗಿ ನೆನಪಿದೆ. ಕೆಂಪಾಗುವುದು, ನವೆ ಬರುವುದು ಎಲ್ಲ ನಮ್ಮ ಮೈ ಫಂಗಸ್ ಜೊತೆ ಹೋರಾಡುತ್ತಿರುವ ಗುರುತು. ಸ್ಟೀರಾಯ್ಡ್ ಆ ಹೋರಾಟವನ್ನೇ ನಿಲ್ಲಿಸಿಬಿಡುತ್ತದೆ. ಹೊರಗೆ ಕೆಂಪು ಹೋಯಿತು ಅಂತ ನಮಗೆ ಸಮಾಧಾನ, ಒಳಗೆ ಫಂಗಸ್‌ಗೆ ತಡೆಯುವವರೇ ಇಲ್ಲ. ಟ್ಯೂಬ್ ಬಿಟ್ಟ ಕೂಡಲೇ ಎರಡರಷ್ಟಾಗಿ ಬರುತ್ತದೆ. ಇನ್ನೂ ಒಂದು ತೊಂದರೆ ಇದೆ. ಗಜಕರ್ಣಕ್ಕೆ ಅಂಚು ಎದ್ದಿರುತ್ತದೆ, ನಡುವೆ ಚರ್ಮ ತಿಳಿಯಾಗಿರುತ್ತದೆ. ಹಾಗಾಗಿ ನೋಡಿದ ತಕ್ಷಣ ಗೊತ್ತಾಗುತ್ತದೆ. ಸ್ಟೀರಾಯ್ಡ್ ಹಚ್ಚುತ್ತಾ ಹೋದರೆ ಆ ಉಂಗುರವೇ ಅಳಿಸಿಹೋಗಿ, ನೋಡಿದವರು ಇಸುಬು ಅಂತಲೋ ಅಲರ್ಜಿ ಅಂತಲೋ ಅಂದುಕೊಳ್ಳುವ ಹಾಗಾಗುತ್ತದೆ.

ಅಣ್ಣನದೂ ಹಾಗೇ ಗುರುತು ಸಿಗದ ಹಾಗೆ ಆಗಿತ್ತು. ಅದಕ್ಕೆ ಡಾಕ್ಟರ್ ಅಲ್ಲೇ ಒಂದು ಪರೀಕ್ಷೆ ಮಾಡಿದರು. ಕಲೆಯ ಅಂಚಿನಿಂದ ಬ್ಲೇಡಿನಲ್ಲಿ ಮೆಲ್ಲಗೆ ಕೆರೆದು, ಉದುರಿದ ಹೊಟ್ಟನ್ನು ಗಾಜಿನ ಸ್ಲೈಡ್ ಮೇಲೆ ತಗೊಂಡರು. ಸ್ವಲ್ಪವೂ ನೋವಾಗಲಿಲ್ಲ, ರಕ್ತ ಬರಲಿಲ್ಲ. ಅದರ ಮೇಲೆ ಕೆಓಎಚ್ ಅನ್ನುವ ದ್ರಾವಣ ಒಂದು ಹನಿ ಬಿಟ್ಟು, ಮೇಲೊಂದು ತೆಳು ಗಾಜು ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಮೈಕ್ರೋಸ್ಕೋಪಿಗೆ ಇಟ್ಟರು. ಚರ್ಮದ ಹೊಟ್ಟು ಆ ದ್ರಾವಣದಲ್ಲಿ ಕರಗಿ ತಿಳಿಯಾಗುತ್ತದೆ, ಫಂಗಸ್ ಹಾಗೇ ಉಳಿಯುತ್ತದೆ. ನಮಗೂ ನೋಡಿ ಅಂದರು. ಕವಲು ಕವಲಾಗಿ ಹರಡಿದ ತೆಳ್ಳನೆಯ ಎಳೆಗಳು ಕಾಣಿಸಿದವು. ಅದನ್ನು ನೋಡಿದ ಮೇಲೆ ಅಣ್ಣ ಒಂದು ಮಾತ್ರೆಯನ್ನೂ ತಪ್ಪಿಸಲಿಲ್ಲ.

ಮಾತ್ರೆಗಿಂತ ಮೊದಲು ಅವರು ಮಾಡಿಸಿದ ಕೆಲಸ ಅಂದರೆ ಉಡಿದಾರ ಬಿಚ್ಚಿಸಿದ್ದು. ಬೆವರಿಗೆ ಸದಾ ಒದ್ದೆಯಾಗಿ ಚರ್ಮಕ್ಕೆ ಅಂಟಿಕೊಂಡೇ ಇರುವ ದಾರ ಅದು. ಫಂಗಸ್ ಅಲ್ಲೇ ಉಳಿದುಕೊಂಡು ಮತ್ತೆ ಮತ್ತೆ ಹತ್ತುತ್ತದಂತೆ. ನಮ್ಮಮ್ಮನಿಗೆ ಬೇಜಾರಾಯಿತು. ಪೂರ್ತಿ ವಾಸಿಯಾದ ಮೇಲೆ ಹೊಸದು ಕಟ್ಟಿಕೊಳ್ಳಲಿ ಅಮ್ಮ ಅಂತ ಡಾಕ್ಟರೇ ಸಮಾಧಾನ ಮಾಡಿದರು. ಹೆಣ್ಣುಮಕ್ಕಳಿಗೆ ಲಂಗದ ಲಾಡಿ ಬಿಗಿಯಾಗಿ ಕೂರುವ ಜಾಗದಲ್ಲೂ ಹೀಗೇ ಆಗುತ್ತದೆ ಅಂದರು. ಬಟ್ಟೆ ಬಿಸಿನೀರಲ್ಲಿ ಒಗೆದು, ಒಳಮಗ್ಗುಲು ಹೊರಗೆ ಮಾಡಿ ಬಿಸಿಲಿಗೆ ಹಾಕಬೇಕು. ಟವೆಲ್ ಒಬ್ಬೊಬ್ಬರದು ಬೇರೆ ಬೇರೆ ಇರಬೇಕು. ಬಿಗಿ ಜೀನ್ಸ್ ಬೇಡ. ಮನೆಯಲ್ಲಿ ಯಾರಿಗೆಲ್ಲ ಇದೆಯೋ ಎಲ್ಲರಿಗೂ ಒಟ್ಟಿಗೇ ಚಿಕಿತ್ಸೆ ಆಗಬೇಕು. ಇಲ್ಲದಿದ್ದರೆ ಒಬ್ಬರಿಂದ ಒಬ್ಬರಿಗೆ ಸುತ್ತುತ್ತಲೇ ಇರುತ್ತದೆ. ಅದಕ್ಕೇ ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ.

ಕಲೆ ಮಾಯವಾದ ಮೇಲೂ ಡಾಕ್ಟರ್ ನಿಲ್ಲಿಸಿ ಅನ್ನುವವರೆಗೆ ಔಷಧಿ ಬಿಡಬೇಡಿ. ಅಣ್ಣನಿಗೆ ಈಗ ಪೂರ್ತಿ ವಾಸಿಯಾಗಿದೆ. ಆದರೆ ತೊಡೆ ಸಂದಿಯಲ್ಲಿ ಬಸುರಿಯರ ಹೊಟ್ಟೆ ಮೇಲೆ ಬರುತ್ತದಲ್ಲ, ಅಂಥ ಬಿಳಿ ಗೆರೆಗಳು ಉಳಿದಿವೆ. ಸ್ಟೀರಾಯ್ಡಿಗೆ ಚರ್ಮ ತೆಳುವಾಗಿ ಬಂದದ್ದು. ಅವು ಹೋಗುವುದಿಲ್ಲವಂತೆ.

ಉತ್ತರ, ಗದಗಿನಿಂದ

ನಾನು ಮೆಡಿಕಲ್ ಶಾಪ್ ನಡೆಸುತ್ತೇನೆ. ಮೇಲಿನವರು ಹೇಳಿದ್ದು ಅಕ್ಷರಶಃ ನಿಜ. 2018ರಲ್ಲೇ ಕೇಂದ್ರ ಸರ್ಕಾರ ಚರ್ಮಕ್ಕೆ ಹಚ್ಚುವ ಹದಿನಾಲ್ಕು ಸ್ಟೀರಾಯ್ಡ್‌ಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿದೆ. ಡಾಕ್ಟರ್ ಚೀಟಿ ಇಲ್ಲದೆ ಅವನ್ನು ಕೊಡುವಂತಿಲ್ಲ. ಆದರೂ ಗಿರಾಕಿ ಬಂದು 'ನವೆಗೆ ಒಂದು ಒಳ್ಳೆ ಟ್ಯೂಬ್ ಕೊಡ್ರಿ' ಅಂದರೆ ಎಷ್ಟೋ ಕಡೆ ಕೊಟ್ಟುಬಿಡುತ್ತಾರೆ. ನಮ್ಮವರು ಇದನ್ನು ನಿಲ್ಲಿಸಬೇಕು ಅಂತ ನಾನು ಸಂಘದ ಸಭೆಯಲ್ಲೂ ಹೇಳುತ್ತಿರುತ್ತೇನೆ. ಮನೆಯಲ್ಲಿರುವ ಟ್ಯೂಬ್ ತೆಗೆದು ನೋಡಿ. ಕ್ಲೋಬೆಟಾಸಾಲ್, ಬೀಟಾಮೆಥಾಸೋನ್, ಮೊಮೆಟಾಸೋನ್ ಅಂತ ಹೆಸರಿದ್ದರೆ ಅದು ಸ್ಟೀರಾಯ್ಡ್. ಸ್ಟೀರಾಯ್ಡ್ ಅಂದರೆ ವಿಷ ಅಲ್ಲ. ಇಸುಬಿಗೆ, ಸೋರಿಯಾಸಿಸ್‌ಗೆ ಡಾಕ್ಟರೇ ಬರೆಯುತ್ತಾರೆ, ಎಷ್ಟು ದಿನ ಅಂತ ಲೆಕ್ಕ ಹಾಕಿ.

ಬಂಗಿಗೆ ಅಂತ, ಬೆಳ್ಳಗಾಗೋಕೆ ಅಂತ ಮುಖಕ್ಕೆ ಹಚ್ಚುವ ಕೆಲವು ಕ್ರೀಮುಗಳಲ್ಲೂ ಮೊಮೆಟಾಸೋನ್ ಇರುತ್ತದೆ. ತಿಂಗಳುಗಟ್ಟಲೆ ಹಚ್ಚಿದ ಹುಡುಗಿಯರು ಬರುತ್ತಾರೆ. ಮುಖ ಕೆಂಪಗೆ, ಬಿಸಿಲಿಗೆ ಹೋದರೆ ಉರಿ, ಕೆನ್ನೆ ಮೇಲೆ ಸಣ್ಣ ರಕ್ತನಾಳಗಳು ಕಾಣುತ್ತಿರುತ್ತವೆ. ಅಂಥವರು ತಾವೇ ಒಮ್ಮೆಲೇ ಬಿಟ್ಟರೆ ಮುಖ ಇನ್ನೂ ಉರಿದೇಳುತ್ತದೆ. ಸ್ಕಿನ್ ಡಾಕ್ಟರ್ ಕೈಯಲ್ಲೇ ಬಿಡಿಸಿಕೊಳ್ಳಬೇಕು.

ಉತ್ತರ, ಮೈಸೂರಿನಿಂದ

ನಾನು ಚರ್ಮರೋಗ ವಿಭಾಗದಲ್ಲಿ ಪಿಜಿ ಓದುತ್ತಿದ್ದೇನೆ. ಯಾರಾದರೂ ನಿಮಗೆ 'ಅವರು ಮುಖ ನೋಡುವವರು' ಅಂದರೆ, ನಮ್ಮ ಒಪಿಡಿಗೆ ಒಂದು ಬೆಳಗ್ಗೆ ಬಂದು ಕೂರಲಿ. ಗಜಕರ್ಣ, ಕಜ್ಜಿ, ಇಸುಬು, ಪಿತ್ತದ ಗಂಧೆ, ತೊನ್ನು, ಸೋರಿಯಾಸಿಸ್ ನೋಡುವುದರಲ್ಲೇ ಅರ್ಧ ದಿನ ಹೋಗುತ್ತದೆ. ನಮ್ಮ ಡಿಗ್ರಿಯ ಹೆಸರಿನಲ್ಲೇ ಮೂರು ವಿಷಯಗಳಿವೆ: ಚರ್ಮರೋಗ, ಲೈಂಗಿಕ ರೋಗ, ಕುಷ್ಠರೋಗ. ಕೂದಲು, ಉಗುರು, ಬಾಯೊಳಗಿನ ಹುಣ್ಣು ಕೂಡ ನಮ್ಮದೇ. ಗುಪ್ತಾಂಗದಲ್ಲಿ ಹುಣ್ಣು, ಗುಳ್ಳೆ ಆದರೆ ನಾಚಿಕೆಪಟ್ಟು ಯಾರಿಗೂ ಹೇಳದೆ ಒದ್ದಾಡುವವರು ತುಂಬಾ ಜನ. ದಯವಿಟ್ಟು ಬನ್ನಿ. ನಮಗೆ ಅದು ದಿನನಿತ್ಯದ ಕೆಲಸ.

ಗಜಕರ್ಣ ಈಗ ಮೊದಲಿನಷ್ಟು ಸುಲಭಕ್ಕೆ ಬಗ್ಗುತ್ತಿಲ್ಲ. ನಮ್ಮ ದೇಶದಲ್ಲಿ ಹೆಚ್ಚಾಗಿ ಹರಡಿರುವ ಒಂದು ಫಂಗಸ್‌ಗೆ 2020ರಲ್ಲಿ ಜಪಾನಿನ ಸಂಶೋಧಕರು ಟ್ರೈಕೋಫೈಟಾನ್ ಇಂಡೋಟಿನಿಯೆ ಅಂತ ಹೆಸರಿಟ್ಟರು. ಟರ್ಬಿನಾಫಿನ್ ಅನ್ನುವ ಮಾಮೂಲಿ ಔಷಧಿ ಇದಕ್ಕೆ ಎಷ್ಟೋ ಸಲ ನಾಟುವುದೇ ಇಲ್ಲ. ಆಗ ಬೇರೆ ಮಾತ್ರೆ ಕೊಡಬೇಕು, ವಾರಗಟ್ಟಲೆ ಕೊಡಬೇಕು. ಲಿವರ್ ತೊಂದರೆ, ಹೃದಯದ ತೊಂದರೆ, ಬೇರೆ ಮಾತ್ರೆ, ಬಸಿರು ಇವೆಲ್ಲ ಕೇಳಿಕೊಂಡೇ ಬರೆಯಬೇಕು. ಅದಕ್ಕೇ ಒಬ್ಬರ ಚೀಟಿ ತೋರಿಸಿ ಇನ್ನೊಬ್ಬರು ಮಾತ್ರೆ ತರಬಾರದು.

ಒಂದು ವಿಷಯದಲ್ಲಿ ಮಾತ್ರ ಸ್ಕಿನ್ ಕ್ಲಿನಿಕ್ ತೆರೆಯಲಿ ಅಂತ ಕಾಯಬೇಡಿ. ಹೊಸ ಮಾತ್ರೆ ಶುರು ಮಾಡಿದ ಕೆಲವು ದಿನ ಅಥವಾ ವಾರಗಳಲ್ಲಿ ಜ್ವರ, ಬಾಯಿತುಂಬ ಹುಣ್ಣು, ಕಣ್ಣು ಕೆಂಪು, ಮೈಮೇಲೆ ಗುಳ್ಳೆ ಬಂದು ಚರ್ಮ ಸುಲಿಯೋಕೆ ಶುರುವಾದರೆ ಆ ಮಾತ್ರೆ ನಿಲ್ಲಿಸಿ, ಸೀದಾ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಮಾತ್ರೆಯ ಸ್ಟ್ರಿಪ್ ಜೊತೆಯಲ್ಲಿರಲಿ. ಇದರಲ್ಲಿ ಜೀವ ಹೋಗುವ ಅಪಾಯ ಇದೆ.

ಅಂಗಾಲು, ಅಂಗೈ ಅಥವಾ ಉಗುರಿನ ಕೆಳಗೆ ಹೊಸದಾಗಿ ಕಪ್ಪು ಮಚ್ಚೆ ಬಂದು ದೊಡ್ಡದಾಗುತ್ತಿದ್ದರೂ ತಡಮಾಡದೆ ತೋರಿಸಿ. ನಮ್ಮ ಮೈಬಣ್ಣದವರಲ್ಲಿ ಮೆಲನೋಮ ಅನ್ನುವ ಚರ್ಮದ ಕ್ಯಾನ್ಸರ್ ಬಂದರೆ ಹೆಚ್ಚಾಗಿ ಇಂಥ ಜಾಗದಲ್ಲೇ. ಅಪರೂಪ, ಆದರೆ ಬೇಗ ಸಿಕ್ಕರೆ ಕತ್ತರಿಸಿ ತೆಗೆಯಬಹುದು.

ಉತ್ತರ, ಹಾಸನದಿಂದ

ಸರ್ಪಸುತ್ತಿನ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಮಾವನಿಗೆ ಬೆನ್ನಿಂದ ಎದೆಯವರೆಗೆ ಒಂದೇ ಕಡೆ ಪಟ್ಟಿ ಹಾಗೆ ಗುಳ್ಳೆ ಎದ್ದವು. ಅದಕ್ಕೂ ಮೊದಲೇ ಆ ಜಾಗದಲ್ಲಿ ಉರಿ, ಚುಚ್ಚಿದ ಹಾಗೆ ನೋವು. ನಮ್ಮ ಕಡೆ ಕೆಮ್ಮಣ್ಣು ಕಲಸಿ ಹಚ್ಚಿ, ಮಂತ್ರ ಹಾಕಿಸುತ್ತಾರೆ. ತಲೆ ಬಾಲ ಕೂಡಿದರೆ ಉಳಿಯುವುದಿಲ್ಲ ಅಂತ ಹಿರಿಯರಿಗೆ ಭಯ. ನಿಜಕ್ಕೆ ಇದು ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬಿನ ವೈರಸ್, ಅಂದರೆ ಚಿಕನ್ ಪಾಕ್ಸ್ ವೈರಸ್, ನರದಲ್ಲಿ ಅಡಗಿದ್ದು ಮತ್ತೆ ಏಳುವುದು. ಗುಳ್ಳೆ ಎದ್ದ 72 ಗಂಟೆಯೊಳಗೆ ಮಾತ್ರೆ ಶುರುವಾದರೆ ಒಳ್ಳೆಯದು ಅಂತ ಸ್ಕಿನ್ ಡಾಕ್ಟರ್ ಹೇಳಿದರು. ಮಂತ್ರ ಹಾಕಿಸಲೇಬೇಕು ಅನ್ನುವವರು ಹಾಕಿಸಲಿ, ಆದರೆ ಮೊದಲು ಆಸ್ಪತ್ರೆಗೆ ಹೋಗಿ ಬರಲಿ. ವಯಸ್ಸಾದವರಲ್ಲಿ ಗುಳ್ಳೆ ಒಣಗಿದ ಮೇಲೂ ನರದ ನೋವು ತಿಂಗಳುಗಟ್ಟಲೆ ಕಾಡುತ್ತದೆ. ಹಣೆ, ಕಣ್ಣಿನ ಹತ್ತಿರ, ಮೂಗಿನ ತುದಿಯಲ್ಲಿ ಗುಳ್ಳೆ ಬಂದರೆ ಕಣ್ಣಿನ ಡಾಕ್ಟರಿಗೂ ಅವತ್ತೇ ತೋರಿಸಬೇಕು, ದೃಷ್ಟಿಗೆ ಅಪಾಯ.

ಉತ್ತರ, ರಾಯಚೂರಿನಿಂದ

ನಾನು ಆಶಾ ಕಾರ್ಯಕರ್ತೆ. ನವೆ ಬಂದರೆ ಎಲ್ಲರೂ ಓಡುತ್ತಾರೆ. ನವೆ ಇಲ್ಲದ ಕಲೆಯನ್ನು ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ, ನನಗೆ ಅದರದೇ ಚಿಂತೆ. ಮೈಮೇಲೆ ತಿಳಿ ಬಣ್ಣದ ಅಥವಾ ಸ್ವಲ್ಪ ಕೆಂಪು ಮಚ್ಚೆ, ಅಲ್ಲಿ ಮುಟ್ಟಿದರೆ ಗೊತ್ತಾಗುವುದಿಲ್ಲ, ಬೆವರುವುದಿಲ್ಲ ಅಂದರೆ ಕುಷ್ಠ ಇರಬಹುದು. ಮನೆ ಮನೆಗೆ ಹೋದಾಗ ನಾವು ಕೇಳುವುದು ಇದನ್ನೇ. ಒಬ್ಬ ಹೆಣ್ಣುಮಗಳು ರೊಟ್ಟಿ ಬಡಿಯುವಾಗ ಹಂಚಿಗೆ ಕೈ ತಾಗಿ ಬೊಬ್ಬೆ ಎದ್ದರೂ ಗೊತ್ತಾಗಲಿಲ್ಲ ಅಂದಳು. ಮುಂಗೈ ಮೇಲೆ ನೋಡಿದರೆ ಮಚ್ಚೆ ಇತ್ತು. ಕಣ್ಣು ಮುಚ್ಚಿಸಿ ಡಾಕ್ಟರ್ ಹತ್ತಿಯ ಎಳೆ ಸವರಿದರು. ಮಚ್ಚೆಯ ಹೊರಗೆ ಸವರಿದ್ದು ಗೊತ್ತಾಯಿತು, ಒಳಗೆ ಸವರಿದ್ದು ಗೊತ್ತಾಗಲಿಲ್ಲ.

ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಪೂರ್ತಿ ಉಚಿತ. ಮಚ್ಚೆ ಕಮ್ಮಿ ಇದ್ದರೆ ಆರು ತಿಂಗಳು, ಜಾಸ್ತಿ ಇದ್ದರೆ ಒಂದು ವರ್ಷ. ತಿಂಗಳ ಮಾತ್ರೆ ನುಂಗಿದ ದಿನ ಮೂತ್ರ ಕೆಂಪಗೆ ಹೋಗುತ್ತದೆ, ಹೆದರಬೇಡಿ, ಅದು ಮಾತ್ರೆಯ ಬಣ್ಣ. ಪೂರ್ತಿ ವಾಸಿಯಾಗುವ ಕಾಯಿಲೆ ಇದು. ತಡವಾದರೆ ಮಾತ್ರ ನರ ಹಾಳಾಗಿ ಬೆರಳು ಮಡಚಿಕೊಳ್ಳುತ್ತವೆ.

ಉತ್ತರ, ಧಾರವಾಡದಿಂದ

ಹಾಸ್ಟೆಲಿನಲ್ಲಿರುವ ಮಕ್ಕಳಿಗೆ ರಾತ್ರಿ ಹೊತ್ತು ನವೆ ಜಾಸ್ತಿಯಾಗಿ, ಬೆರಳ ಸಂದಿಯಲ್ಲಿ ಗುಳ್ಳೆ ಇದ್ದರೆ ಅದು ಕಜ್ಜಿ ಇರಬಹುದು, ಗಜಕರ್ಣ ಅಲ್ಲ. ಅದಕ್ಕೆ ಕುತ್ತಿಗೆಯಿಂದ ಪಾದದವರೆಗೆ ರಾತ್ರಿ ಹಚ್ಚಿ ಬೆಳಗ್ಗೆ ತೊಳೆಯುವ ಬೇರೆ ಔಷಧಿ ಕೊಡುತ್ತಾರೆ. ಮನೆಯವರೆಲ್ಲ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು, ನವೆ ಇಲ್ಲದವರೂ.

ಉತ್ತರ, ಬೆಂಗಳೂರಿನಿಂದ

ಡಾಕ್ಟರನ್ನು ಆರಿಸುವ ಬಗ್ಗೆ ಒಂದು ಮಾತು. ಸ್ಕಿನ್, ಹೇರ್ ಅಂತ ಬೋರ್ಡ್ ಹಾಕಿದವರೆಲ್ಲ ಚರ್ಮರೋಗ ತಜ್ಞರಲ್ಲ. ಎಂಬಿಬಿಎಸ್ ಆದ ಮೇಲೆ ಚರ್ಮರೋಗದಲ್ಲಿ ಎಂಡಿ, ಡಿಎನ್‌ಬಿ, ಡಿಡಿವಿಎಲ್ ಅಥವಾ ಡಿವಿಡಿ ಅಂತ ಇದೆಯಾ ನೋಡಿ. ಸಂಶಯ ಬಂದರೆ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ, ಕೇಳುವುದು ತಪ್ಪಲ್ಲ. ದುಡ್ಡಿನ ಯೋಚನೆ ಇದ್ದರೆ ಜಿಲ್ಲಾ ಆಸ್ಪತ್ರೆಗೆ ಅಥವಾ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗಿ. ಚರ್ಮರೋಗದ ಒಪಿಡಿ ಯಾವ ದಿನ ಅಂತ ವಿಚಾರಿಸಿ, ಬೆಳಗ್ಗೆ ಬೇಗ ಚೀಟಿ ಮಾಡಿಸಿ.

ಹೋಗುವಾಗ ಇಲ್ಲಿಯವರೆಗೆ ಹಚ್ಚಿದ ಎಲ್ಲ ಟ್ಯೂಬುಗಳು, ಶುಗರ್, ಬಿಪಿ ಮಾತ್ರೆ ಇದ್ದರೆ ಅವುಗಳ ಸ್ಟ್ರಿಪ್, ಹಳೆಯ ಚೀಟಿ ಎಲ್ಲ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಶುಗರ್ ಪರೀಕ್ಷೆ ಮಾಡಿಸದೆ ತುಂಬಾ ದಿನ ಆಗಿದ್ದರೆ ಅದನ್ನೂ ಹೇಳಿ, ಶುಗರ್ ಇದ್ದವರಿಗೆ ಫಂಗಸ್ ಬೇಗ ಬಿಡುವುದಿಲ್ಲ. ಕಲೆ ಮೊದಲು ಹೇಗಿತ್ತು ಅಂತ ಫೋನಿನಲ್ಲಿ ಫೋಟೋ ಇದ್ದರೆ ತೋರಿಸಿ. ಅವತ್ತು ಬೆಳಗ್ಗೆ ಸ್ನಾನ ಮಾಡಿದ ಮೇಲೆ ಕಲೆಗೆ ಎಣ್ಣೆ, ಪೌಡರ್, ಅರಿಶಿನ ಏನೂ ಹಚ್ಚಬೇಡಿ. ಕೆರೆದು ಪರೀಕ್ಷೆ ಮಾಡುವುದಾದರೆ ಚರ್ಮ ಹಾಗೇ ಇರಬೇಕು.